ದ್ವೀಪದಲ್ಲಿ ಅಮ್ಮನ ಗುಂಡುಕಲ್ಲು

ಕಳೆದ ವರ್ಷ ಬೆಂಗಳೂರಿನ ಬಸವೇಶ್ವರನಗರದಿಂದ ಅಮ್ಮನನ್ನು ಕರೆದುಕೊಂಡು ಕರಾವಳಿಯ ಒಂದು ಪುಟ್ಟ ದ್ವೀಪಕ್ಕೆ ಹೋಗಿದ್ದೆ. ಯಾವುದೋ ಕಾಲದಲ್ಲಿ ಜ್ವಾಲಾಮುಖಿಯ ಲಾವಾ ಆರಿ ಆದ ದ್ವೀಪವಂತೆ. ಎಲ್ಲಿ ನೋಡಿದರೂ ಕಪ್ಪು ಕಲ್ಲು, ನಡುವೆ ಒಂದು ಲೈಟ್‌ಹೌಸ್. ಅಮ್ಮ ಅದರ ನೆರಳಲ್ಲಿ ಕೂತು, ಮನೆಯಿಂದ ತಂದಿದ್ದ ಗುಂಡುಕಲ್ಲಿನಲ್ಲಿ ಎಲೆಅಡಿಕೆ ಕುಟ್ಟಿ ಬಾಯಿಗೆ ಹಾಕಿಕೊಂಡಳು.

ವಾಪಸ್ ದೋಣಿ ಹತ್ತುವಾಗ ಕಾವಲುಗಾರ ಅವಳ ಚೀಲ ತೆರೆಸಿ ಆ ಕಲ್ಲನ್ನು ಎತ್ತಿಕೊಂಡ.

"ಇಲ್ಲಿನ ಕಲ್ಲು ತೆಗೊಂಡು ಹೋಗ್ಲಿಕ್ಕಿಲ್ಲ ಸರ್."

"ಅದು ನಮ್ದೇ ಸಾರ್, ಬೆಂಗಳೂರಿಂದ ತಂದಿದ್ದು."

"ನೀವೇ ನೋಡಿ," ಎಂದು ಅವನು ಅದನ್ನು ಪಕ್ಕದ ಬಂಡೆಗೆ ಹಿಡಿದು ತೋರಿಸಿದ. ಅದೇ ಕಪ್ಪು, ಅಂಥವೇ ಸಣ್ಣ ತೂತುಗಳು. ನನಗೇ ಗೊಂದಲವಾಯಿತು. ಮರೆವಿನಲ್ಲಿ ತನ್ನದನ್ನು ಬಿಟ್ಟು ಇಲ್ಲಿಯದನ್ನು ಎತ್ತಿಕೊಂಡಳಾ?

"ಅಮ್ಮ, ಇದು ನಮ್ದೇನಾ?"

ಅಮ್ಮ ನನ್ನ ಕಡೆ ತಿರುಗಲೇ ಇಲ್ಲ. "ಮೂಸಿ ನೋಡಪ್ಪ, ನಮ್ಮತ್ತೆ ಕಾಲದ್ದು," ಎಂದು ಅವನಿಗೆ ಹೇಳಿದಳು. ಅವನು ಮೂಸಿದ. ಅಡಿಕೆಯ ವಾಸನೆಗೆ ನಕ್ಕು, ಕಲ್ಲನ್ನು ಎರಡೂ ಕೈಯಲ್ಲಿ ಹಿಂತಿರುಗಿಸಿದ.

ದೋಣಿ ಹೊರಟ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು: "ಅವನು ಹೊರಗಿನೋನು ಕಣೋ, ಕೇಳ್ದ. ನೀನ್ಯಾಕೆ ಕೇಳ್ದೆ?"

ಅಲ್ಲಿಂದೀಚೆಗೆ ಮನೆಯಲ್ಲಿ ಅವಳಿಗೆ ಅಡಿಕೆ ಕುಟ್ಟಿಕೊಡುವ ಕೆಲಸ ನನ್ನದೇ.