ಹಸಿರು ಸೀರೆ ಹೊತ್ತು ಹುಕ್ಕೇರಿಗೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಕಾರಿನದಲ್ಲ, ನನ್ನದು. ಹಿಂದಿನ ಸಂಜೆ ಮೂಡಲಗಿಯ ಪೆಟ್ರೋಲ್ ಬಂಕಿನಲ್ಲಿ ಎಣ್ಣೆ ಹಾಕಿಸುವಾಗ ಅಲ್ಲಿಯ ಹುಡುಗರು, "ನಮ್ಮ ಮಾಲಕರ ದನಿ ತಗೀರಿ" ಎಂದರು. ತೆಗೆದೆ. ಮಾಲಕರು ಮೂಗಿನಲ್ಲಿ ಮಾತಾಡುತ್ತಾರೆ, ನಡುನಡುವೆ ಹಲ್ಲು ಚೀಪುತ್ತಾರೆ. ಮಂದಿಯ ದನಿ ಅಣಕಿಸುವುದು ನನ್ನ ಚಟ, ಅಂಥ ಮನುಷ್ಯ ಸಿಕ್ಕರೆ ಹಬ್ಬ. ಹುಡುಗರು ಹೊಟ್ಟೆ ಹಿಡಿದು ನಕ್ಕರು. ಆ ಹುಮ್ಮಸ್ಸಿನಲ್ಲಿ ಟ್ಯಾಂಕಿನ ಮುಚ್ಚಳವನ್ನು ಕಾರಿನ ತಲೆಯ ಮೇಲಿಟ್ಟವನು ಹಾಗೆಯೇ ಹೊರಟುಬಿಟ್ಟೆ. ಮನೆ ಮುಟ್ಟಿದಾಗ ಮುಚ್ಚಳವಿರಲಿಲ್ಲ.

ಕಬ್ಬಿನ ಹಂಗಾಮು, ರಸ್ತೆಯ ತುಂಬ ಧೂಳು. ಟ್ರ್ಯಾಕ್ಟರಿನ ಹಳೆಯ ಟ್ಯೂಬನ್ನು ಕತ್ತರಿಸಿ, ಸುರುಳಿ ಸುತ್ತಿ ದಪ್ಪನೆಯ ಬೂಚು ಮಾಡಿದೆ. ಅದನ್ನು ಟ್ಯಾಂಕಿನ ಬಾಯಿಗೆ ಜಡಿದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ತಂತಿಯಿಂದ ಬಿಗಿದೆ. ಇರುವೆಯೂ ಒಳಗೆ ಹೋಗಲಾರದು ಎಂದು ನನಗೆ ನಾನೇ ಶಾಭಾಸ್ ಅಂದುಕೊಂಡೆ.

ಬೆಳಗಾಗುವಷ್ಟರಲ್ಲಿ ಹುಕ್ಕೇರಿಯಿಂದ ಫೋನು ಬಂತು. ಗಂಗವ್ವ ಅತ್ತಿ ತೀರಿಕೊಂಡಿದ್ದಳು. ನಮ್ಮಪ್ಪನ ಅಕ್ಕ. ಅಪ್ಪ ಈಗಿಲ್ಲ, ಆಕೆಗೆ ಉಳಿದಿದ್ದ ಒಬ್ಬನೇ ತಮ್ಮ ಬಾಳಪ್ಪ ಕಾಕಾ. ಗಂಡ ಇರುವಾಗಲೇ ಹೋದ ಹೆಣ್ಣುಮಗಳಿಗೆ ಕೊನೆಯ ಹಸಿರು ಸೀರೆ ತವರಿನಿಂದ ಬರಬೇಕು, ಅಣ್ಣನೋ ತಮ್ಮನೋ ಕೈಯಾರೆ ತರಬೇಕು. ಅದನ್ನು ಹೊದಿಸಿದ ಮೇಲೆಯೇ ಮಣ್ಣಿಗೆ ಒಯ್ಯುವುದು ನಮ್ಮ ಮನೆತನದ ರೂಢಿ. ಹೊತ್ತು ಮುಳುಗುವುದರೊಳಗೆ ಮಣ್ಣು ಎಂದು ಹುಕ್ಕೇರಿಯವರು ತಿಳಿಸಿದ್ದರು. ಮನೆಯ ಉಳಿದವರು ಟೆಂಪೋದಲ್ಲಿ ಮುಂದೆ ಹೋದರು. ಸೀರೆಗಾಗಿ ಕಾಕಾ ಅಂಗಡಿಯ ಬಾಗಿಲು ತೆರೆಯುವುದನ್ನು ಕಾಯುತ್ತ ನಿಂತರು. "ನನ್ನ ಕಾರ್ ಐತೆಲ್ಲ ಕಾಕಾ, ನಾ ಮುಟ್ಟಸ್ತೇನಿ" ಎಂದವನು ನಾನೇ.

ಮೊದಲ ಅಂಗಡಿಯ ಹಸಿರು ಕಾಕಾನಿಗೆ ಗಿಳಿಯ ಬಣ್ಣ ಕಂಡಿತು, ಎರಡನೆಯದರ ಸೆರಗು ಮನಸ್ಸಿಗೆ ಬರಲಿಲ್ಲ. ಕೊನೆಗೊಂದು ಒಪ್ಪಿಗೆಯಾಗಿ ನಾವು ಹೊರಟಾಗ ಮಧ್ಯಾಹ್ನವಾಗಿತ್ತು. ಮೂಡಲಗಿಯಿಂದ ಗೋಕಾಕ, ಅಲ್ಲಿಂದ ಘಟಪ್ರಭಾ ದಾಟಿ ಹುಕ್ಕೇರಿ. ಸುಮಾರು ಎರಡು ತಾಸಿನ ದಾರಿ. ಕಾಕಾ ಹಿಂದಿನ ಸೀಟಿನಲ್ಲಿ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟು ಕುಳಿತರು.

"ಇವತ್ತ ಯಾರ ದನೀನೂ ತಗೀಬ್ಯಾಡ, ಮಲ್ಲು" ಎಂದರು.

"ಇಲ್ರಿ ಕಾಕಾ."

ಅತ್ತಿಯ ದನಿಯನ್ನು ನಾನು ಆಕೆಯ ಎದುರಿಗೇ ತೆಗೆಯುತ್ತಿದ್ದೆ. ಆಕೆ ನಕ್ಕು, ಹಿಟ್ಟಿನ ಕೈಯಿಂದಲೇ ಬೆನ್ನಿಗೆ ಬಾರಿಸುತ್ತಿದ್ದಳು.

ಚಳಿ ಸರಿದು ಬಿಸಿಲು ಚುರುಗುಟ್ಟುತ್ತಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆಯ ಮುಕ್ಕಾಲು ಪಾಲು ಹಿಡಿದು ಹೊರಟಿದ್ದವು. ಗೋಕಾಕ ಇನ್ನೂ ದೂರವಿರುವಾಗಲೇ ಕಾರು ಜಗ್ಗಿತು, ಎರಡು ಸಲ ಕೆಮ್ಮಿತು, ನಿಂತಿತು. ಎಣ್ಣೆ ತೋರಿಸುವ ಮುಳ್ಳು ಕೆಟ್ಟು ವರ್ಷಗಳಾಗಿದ್ದವು. ಬೂಚು ಕಿತ್ತು ಕಡ್ಡಿ ಅದ್ದಿ ನೋಡಿದೆ, ಪೆಟ್ರೋಲು ಬೇಕಾದಷ್ಟಿತ್ತು. ಮತ್ತೆ ಬಿಗಿದೆ. ಮುಂದೆ ಬಾನೆಟ್ ಎತ್ತಿ ನೋಡಿದರೆ ಪೆಟ್ರೋಲು ಸೋಸುವ ಫಿಲ್ಟರು ಖಾಲಿ. ತುಕ್ಕು ಹಿಡಿದ ಕ್ಲಿಪ್ಪಿನೊಡನೆ ಗುದ್ದಾಡಿ ಪೈಪು ಬಿಚ್ಚಿ, ಬಾಯಿ ಹಚ್ಚಿ ಊದಿದೆ. ಬಾಯಿಯ ತುಂಬ ಪೆಟ್ರೋಲು ಬಂತು. ಎಲ್ಲ ಜೋಡಿಸಿ ಕೀಲಿ ತಿರುಗಿಸಿದರೆ ಕಾರು ಹೊರಟಿತು.

"ಕಸಾ ಕುಂತಿತ್ರಿ ಕಾಕಾ. ಊದಿ ತಗದೆ."

"ಛಲೋ ಆತು" ಎಂದರು ಕಾಕಾ. ಅವರ ಕಣ್ಣು ಬಿಸಿಲಿನ ಮೇಲಿತ್ತು.

ಅತ್ತಿಯ ಊರಿಗೆ ಹೋಗುವಾಗಲೆಲ್ಲ ಗೋಕಾಕದಲ್ಲಿ ಇಳಿದು ಕರದಂಟು ಕಟ್ಟಿಸುತ್ತಿದ್ದೆವು. ಅಂಗಡಿಗಳ ಸಾಲು ಬಂದಾಗ ಕಾಕಾ ಮುಖವನ್ನು ಆಚೆ ತಿರುಗಿಸಿಕೊಂಡರು. ಮಣ್ಣಾಗುವವರೆಗೆ ಅವರು ಏನೂ ತಿನ್ನುವವರಲ್ಲ. ನಾನು ಮಾತ್ರ ಪೆಟ್ರೋಲಿನ ರುಚಿ ಹೋಗಲೆಂದು ಒಂದು ಮಿರ್ಚಿ ಭಜಿ ಕೊಂಡು, ಅವರಿಗೆ ಬೆನ್ನು ಮಾಡಿ ನಿಂತು ನುಂಗಿದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಕಾಕಾ ಕೇಳಿದರು: "ಇಲ್ಲೇ ಬಸ್ ಹಿಡಿಯೂಣೇನೋ?"

"ರಿಪೇರಿ ಮಾಡಿದ ಗಾಡಿ ಬಿಟ್ಟು ಬಸ್ ಯಾಕ್ರಿ?" ಎಂದೆ.

ಘಟಪ್ರಭಾ ಮುಟ್ಟುವ ಮೊದಲೇ ಕಾರು ಮತ್ತೆ ನಿಂತಿತು. ಮತ್ತೆ ಬೂಚು ಕಿತ್ತು ಕಡ್ಡಿ ಅದ್ದಿದೆ, ಮತ್ತೆ ಬಿಗಿದೆ. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿರಬೇಕೆಂದು ಈ ಸಲ ಹೊಸ ರೋಗ ಹೆಸರಿಸಿ, ಟವೆಲ್ಲು ತೋಯಿಸಿ ಪೆಟ್ರೋಲು ಎಳೆಯುವ ಪಂಪಿನ ಮೇಲೆ ಹಾಕಿ ಕಾಯ್ದೆ. ಹೊರಟಿತು. ದೊಡ್ಡ ಡಾಕ್ಟರನ ಹಾಗೆ ಗಂಟಲು ಸರಿಮಾಡಿಕೊಂಡೆ. ಕನ್ನಡಿಯಲ್ಲಿ ಕಾಕಾನ ಮುಖ ನೋಡಿ ರಸ್ತೆಯ ಕಡೆ ತಿರುಗಿದೆ.

ಹುಕ್ಕೇರಿಯಿಂದ ಫೋನು ಬಂದಾಗ ಘಟಪ್ರಭಾ ದಾಟಿ ಧುಪದಾಳದ ಕಡೆಗಿದ್ದೆವು. ಅಣೆಕಟ್ಟಿನ ದಿಕ್ಕಿನಿಂದ ತಂಪು ಗಾಳಿ ಬರುತ್ತಿತ್ತು. "ಬರಾಕತ್ತೇವ್ರಿ, ಇನ್ನ ಸ್ವಲ್ಪ ತಡೀರಿ" ಎಂದು ಕಾಕಾ ಹೇಳುತ್ತಿದ್ದ ಹಾಗೆಯೇ ಕಾರು ಮೂರನೆಯ ಸಲ ಕೆಮ್ಮಿತು. ಫೋನಿನ ಆಚೆಯವರಿಗೂ ಕೇಳಿಸಿರಬೇಕು.

ಪೆಟ್ರೋಲು ಇದೆಯೆಂದು ಗೊತ್ತಿತ್ತಲ್ಲ, ಈ ಸಲ ಟ್ಯಾಂಕಿನ ಕಡೆಗೆ ಹೋಗಲಿಲ್ಲ. ಟವೆಲ್ಲು ಹಾಕಿದೆ, ಪೈಪು ಊದಿದೆ, ಒಂದಕ್ಕೂ ಬಗ್ಗಲಿಲ್ಲ. ಕೈ ಮಾಡಿದ ಬಸ್ಸು ತುಂಬಿತ್ತು, ನಿಲ್ಲದೆ ಹೋಯಿತು. ಮೂಡಲಗಿಯ ಫಿಟ್ಟರ್ ದಸ್ತಗೀರ ಮಾಮಾಗೆ ಫೋನು ಹಚ್ಚಿದೆ.

"ಸಪ್ಳಾ ಹೆಂಗ ಬರ್ತತಿ? ಮಾಡಿ ತೋರಸು. ಅದರಾಗ ನೀ ಶ್ಯಾಣ್ಯಾ ಅದೀಯೆಲ್ಲ" ಎಂದ.

ಕಾಕಾನ ಕಡೆ ನೋಡಿದೆ. ಅವರು ಆಗಲಿ ಎಂದು ತಲೆಯಾಡಿಸಿದರು. ಸೀರೆ ಹೊತ್ತ ಕಾರಿನ ಪಕ್ಕದಲ್ಲಿ ನಿಂತು, ಕಾರು ಜಗ್ಗುವುದು, ಕೆಮ್ಮುವುದು, ಬೂಚು ಕೀಳುವುದು, ಮತ್ತೆ ಹೊರಡುವುದು, ಎಲ್ಲವನ್ನೂ ಕ್ರಮವಾಗಿ ಬಾಯಿಯಲ್ಲಿ ಮಾಡಿ ತೋರಿಸಿದೆ. ನನ್ನ ಜನ್ಮದಲ್ಲಿ ನಗೆ ಬೇಡವೆಂದು ಮಾಡಿದ ಸೋಗು ಅದೊಂದೇ.

"ಪಂಪ್ ಹೋಗೇತಿ" ಎಂದ ದಸ್ತಗೀರ ಮಾಮಾ. "ಹೊಸಾದು ಹಾಕಬೇಕು. ನಾಳೆ ಬರ್ತೇನಿ."

ಫೋನು ಇಟ್ಟೆ. ಕಾಕಾ ಒಳಗಿನಿಂದಲೇ ಮೆಲ್ಲಗೆ ಕೇಳಿದರು: "ನಡುವ ಏನೋ ಉಸಿರ ಎಳಕೊಂಡಂಗ ಮಾಡಿದೆಲ್ಲ, ಅದು ಯಾವುದು?"

"ಬೂಚ್ ತಗದಾಗ ಟ್ಯಾಂಕ್ ಮಾಡೂ ಸಪ್ಳಾರಿ ಅದು."

"ಅದ್ಯಾಕ ಎಳಕೋತತಿ?"

ನಾನು ಟ್ಯಾಂಕಿನ ಕಡೆ ತಿರುಗಿದೆ. ಎರಡು ಸಲವೂ ಕಿವಿಗೆ ಬಿದ್ದ ಸಪ್ಪಳ. ಹೊಟ್ಟೆಪಾಡೇ ಅದೆಂಬಂತೆ ದನಿ ಹಿಡಿಯುವ ನಾನು ಅದರ ಅರ್ಥ ಕೇಳಿರಲಿಲ್ಲ. ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಕಳೆದುಹೋದ ಮುಚ್ಚಳದಲ್ಲಿ ಅದಕ್ಕೊಂದು ಸಣ್ಣ ತೂತಿರುತ್ತದೆ. ನಾನು ಇರುವೆಗೂ ದಾರಿ ಬಿಟ್ಟಿರಲಿಲ್ಲ. ಒಳಗೆ ಗಾಳಿಯಿಲ್ಲದೆ ಪೆಟ್ರೋಲು ಮುಂದೆ ಸರಿಯುತ್ತಿರಲಿಲ್ಲ. ಕಡ್ಡಿ ಅದ್ದಲು ಬೂಚು ಕಿತ್ತಾಗಲೆಲ್ಲ ಗಾಳಿ ಹೋಗಿ ಕಾರು ಚೇತರಿಸಿಕೊಂಡಿತ್ತು. ನಾನು ಊದಿದ್ದು, ತೋಯಿಸಿದ್ದು ಎಲ್ಲ ಬರೀ ಆಟ.

ಬೂಚು ಕಿತ್ತೆ. ಟ್ಯಾಂಕು ಉದ್ದಕ್ಕೆ ಉಸಿರೆಳೆಯಿತು. ಬೇರೇನನ್ನೂ ಮುಟ್ಟದೆ ಕೀಲಿ ತಿರುಗಿಸಿದೆ. ಒಂದೆರಡು ಸಲ ತಿರುಗಿ, ಫಿಲ್ಟರಿನಲ್ಲಿ ಪೆಟ್ರೋಲು ತುಂಬಿ, ಎಂಜಿನ್ನು ಹತ್ತಿತು. ಆರಿಸಿ, ಸ್ಕ್ರೂಡ್ರೈವರಿನಿಂದ ಬೂಚಿಗೆ ತೂತು ಕೊರೆದೆ. ಖಾಲಿ ಪೆನ್ನಿನ ಕೊಳವೆಯನ್ನು ಅದರಲ್ಲಿ ತೂರಿಸಿ, ಪ್ಲಾಸ್ಟಿಕ್ ಹಾಳೆಯನ್ನು ಹೊಲಕ್ಕೆ ಎಸೆದೆ. ಆಮೇಲೆ ಹುಕ್ಕೇರಿಯವರೆಗೆ ಕಾರು ಒಮ್ಮೆಯೂ ಕೆಮ್ಮಲಿಲ್ಲ.

"ಎಲ್ಲಾ ನನ್ನಿಂದ ಆತ್ರಿ ಕಾಕಾ" ಎಂದೆ ದಾರಿಯಲ್ಲಿ.

"ರಸ್ತೆ ನೋಡಿ ಹೊಡಿ" ಎಂದರು.

ಅತ್ತಿಯ ಮನೆ ಮುಟ್ಟಿದಾಗ ಬಿಸಿಲು ಗೋಡೆ ಬಿಟ್ಟು ಮಾಳಿಗೆ ಏರಿತ್ತು. ಅಂಗಳದಲ್ಲಿ ಜನ ಎದ್ದು ನಿಂತಿದ್ದರು, ಹೊರುವವರು ಹೆಗಲಿನ ಮೇಲೆ ಟವೆಲ್ಲು ಹಾಕಿಕೊಂಡಿದ್ದರು. ಕಾಕಾನನ್ನು ಕಂಡು ಹೆಂಗಸರ ಅಳು ಒಮ್ಮೆಲೆ ಏರಿತು. ನಾನು ಗಂಟು ಹಿಡಿಯಲು ಹೋದರೆ ಕಾಕಾ ಕೊಡಲಿಲ್ಲ. ತಾವೇ ಬಿಚ್ಚಿ, ಹಸಿರು ಸೀರೆಯ ಮಡಿಕೆ ಬಿಡಿಸತೊಡಗಿದರು.

ಅತ್ತಿಯ ಮೈದುನ ರುದ್ರಪ್ಪನವರು ಕಾಯ್ದು ಕಾಯ್ದು ರೋಸಿದ್ದರು.

"ಮೂಡಲಗಿ ಏನ ಮುಂಬೈ ಐತೇನ್ರಿ?" ಎಂದರು, ಎಲ್ಲರಿಗೂ ಕೇಳುವಂತೆ. "ಇನ್ನೊಂದ ಗಳಿಗಿ ನೋಡಿ, ನಮ್ಮ ಮನಿ ಸೀರೀನ ಹೊಚ್ಚಿ ಎತ್ತಾವ್ರಿದ್ವಿ. ಯಾರ ಸೀರಿ ಆದ್ರೇನು, ಈಗ ಅಕಿಗೆ ಗೊತ್ತಾಗತೈತೇನು?"

"ನಂದ ತಪ್ಪರಿ, ಗಾಡಿ..." ಎಂದು ನಾನು ಶುರುಮಾಡಿದೆ. ಕಾಕಾ ಕೈಯಿಂದಲೇ ನನ್ನನ್ನು ತಡೆದರು. ಅಕ್ಕನ ಕಾಲಿನಿಂದ ಎದೆಯವರೆಗೆ ಸೀರೆ ಎಳೆದು ಹೊದಿಸಿ, ಸೆರಗು ಸರಿಮಾಡಿ, ತಲೆ ಎತ್ತದೆಯೇ ಹೇಳಿದರು:

"ಲಗ್ನಾ ಆದಾಗಿಂದ ನಿಮ್ಮ ಮನಿ ಸೀರೀನ ಉಟ್ಟಾಳ್ರಿ ಬೀಗರ. ಇದೊಂದ ನಮ್ಮದು."