ಕಚೇರಿಯಲ್ಲಿ ಬೆಳ್ಳುಳ್ಳಿ ಸುಲಿದ ವೈನಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು, ಅಂಚೆಲ್ಲ ಹಳದಿ. ದಿನವೂ ಸೇರುಗಟ್ಟಲೆ ಬೆಳ್ಳುಳ್ಳಿ ಸುಲಿದರೆ ಯಾರ ಉಗುರಾದರೂ ಹಾಗೆಯೇ ಆಗುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿ ಈ ತೆಲುಗು ಮಹಾನಗರದ ಬಾಲಾನಗರದಿಂದ ಉಪ್ಪಲ್‌ವರೆಗಿನ ಕನ್ನಡದ ಮನೆಗಳಿಗೆ ಮುಟ್ಟಿಸುತ್ತಿದ್ದರು. ಬೇರೆ ಕಡೆ ಚಟ್ನಿಪುಡಿ ಎನ್ನುವುದನ್ನು ನಮ್ಮ ಜನ ಹಿಂಡಿ ಎನ್ನುತ್ತಾರೆ. ಮೆಟ್ರೋದಲ್ಲಿ ಅವರು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರೆ ಪಕ್ಕದವರು ಒಮ್ಮೆ ಮೂಗು ಮುಚ್ಚಿಕೊಂಡು, ಆಮೇಲೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದರು.

ನಾವು ಅವರನ್ನು ವೈನಿ ಎಂದು ಕರೆಯುತ್ತಿದ್ದೆವು. ಅಣ್ಣನ ಹೆಂಡತಿಯನ್ನು ಕರೆಯುವ ಮಾತದು. ನಮಗೂ ಅವರಿಗೂ ಇದ್ದ ಸಂಬಂಧ ಬಾಲಾನಗರದ ಒಂದು ವಠಾರದ ನಡುಗೋಡೆ ಮಾತ್ರ. ಅವರ ಯಜಮಾನರು ಬೀದರ್ ಕಡೆಯಿಂದ ಬಂದು ಸಣ್ಣ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದರು. ಒಂದು ಬೆಳಿಗ್ಗೆ ಲೇತ್ ಯಂತ್ರದ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ಅವರ ಪಿಂಚಣಿ, ಭವಿಷ್ಯನಿಧಿ ವೈನಿಯ ಕೈಗೆ ಬರಬೇಕಾದರೆ ಕುಟುಂಬದಲ್ಲಿ ಯಾರ್‍ಯಾರಿದ್ದಾರೆ ಎಂಬ ಸರ್ಟಿಫಿಕೇಟು ಬೇಕಾಗಿತ್ತು. ಒಂದು ಹಾಳೆ, ಒಂದು ಸಹಿ, ಒಂದು ಮೊಹರು. ಅಷ್ಟೇ.

ಆ ಕಚೇರಿ ಯಾವುದೆಂದು ಹೇಳುವುದಿಲ್ಲ. ಹೆಸರು ಹೇಳಿದರೆ ಅದೊಂದೇ ಹಾಗಿತ್ತು ಎಂದು ಓದಿದವರು ಸಮಾಧಾನಪಟ್ಟುಕೊಂಡಾರು.

ವೈನಿಗೆ ತೆಲುಗು ಓದಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಆ ತಪ್ಪಿಗೆ ನಾನು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಗುಮಾಸ್ತ ಕಾಗದಗಳನ್ನು ತಿರುವಿ ಹಾಕಿ "ರೇಪು ರಂಡಿ" ಎಂದ. ನಾಳೆ ಬನ್ನಿ. ಮರುದಿನ ಹೋದರೆ ಪಡಿತರ ಚೀಟಿಯ ನಕಲು ಸ್ಪಷ್ಟವಿಲ್ಲ ಎಂದ. ಅದರ ಮರುದಿನ ಸಹಿ ಹಾಕುವವರು ಊರಲ್ಲಿಲ್ಲ. ಹೊರಗಿನ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದ ದಲಾಲಿ ಮೂರೂ ದಿನ ನಮ್ಮನ್ನು ನೋಡಿ ನಕ್ಕ. ಆ ನಗೆಯ ಅರ್ಥ ತಿಳಿಯಲು ತೆಲುಗೇ ಬರಬೇಕೆಂದಿಲ್ಲ.

"ವೈನಿ, ಎಲ್ಲಾರೂ ಕೊಡತಾರ್ರಿ. ಕೊಟ್ಟು ಮುಗಿಸೋಣು" ಎಂದೆ.

"ಯಾತಕ್ಕ ಕೊಡಬೇಕು ತಮ್ಮಾ? ನನ್ನ ಗಂಡ ಸತ್ತಿದ್ದು ಖರೇನೋ ಸುಳ್ಳೋ ಅಂತ ಹೇಳಾಕ ಅವಗ ರೊಕ್ಕ ಯಾತಕ್ಕ?"

ನಾಲ್ಕನೆಯ ದಿನ ಅವರು ಒಬ್ಬರೇ ಹೋದರು. ಹಿಂಡಿಯ ಕೆಲಸ ನಿಂತರೆ ಒಲೆ ಹೊತ್ತುವುದಿಲ್ಲವಲ್ಲ, ಕೆಲಸವನ್ನೂ ಜೊತೆಗೆ ಒಯ್ದರು. ಗುಮಾಸ್ತನ ಮೇಜಿನ ಎದುರಿನ ಬೆಂಚಿನ ಮೇಲೆ ಕೂತು, ಮಡಿಲಲ್ಲಿ ಹಳೆ ಟವೆಲ್ ಹರಡಿ, ಬೆಳ್ಳುಳ್ಳಿ ಸುಲಿಯತೊಡಗಿದರು. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಸಂಜೆ ಬೀಗ ಹಾಕುವವರೆಗೆ. ಸಿಪ್ಪೆ ಒಂದೂ ನೆಲಕ್ಕೆ ಬೀಳುತ್ತಿರಲಿಲ್ಲ, ವಾಸನೆ ಮಾತ್ರ ಇಡೀ ಕೋಣೆಗೆ. ಇದು ಆಫೀಸು, ಮನೆಯಲ್ಲ ಎಂದು ಗುಮಾಸ್ತ ರೇಗಿದ. ಮನೆಯಾಗಿದ್ದರೆ ಇಷ್ಟು ಹೊತ್ತಿಗೆ ನೀವು ಒಂದು ಕಪ್ ಚಹಾ ಕೊಟ್ಟಿರುತ್ತಿದ್ದಿರಿ ಎಂದು ಇವರು ಹಿಂದಿಯಲ್ಲಿ ಉತ್ತರಿಸಿದರಂತೆ. ಸಾಲಿನಲ್ಲಿದ್ದವರು ನಕ್ಕರು. ನಕ್ಕವರೆಲ್ಲ ಆಮೇಲೆ ಹೊರಗೆ ಹೋಗಿ ದಲಾಲಿಗೆ ಕೊಟ್ಟೇ ಬಂದರು, ಅದು ಬೇರೆ ಮಾತು.

ಹೀಗೆ ಎರಡು ವಾರ ನಡೆಯಿತು. ಸಂಜೆ ನಾನು ಕೆಲಸದಿಂದ ಬರುವುದನ್ನೇ ಕಾದು ಅವತ್ತಿನ ವರದಿ ಒಪ್ಪಿಸುತ್ತಿದ್ದರು, ನಾಳೆ ಏನು ಕೇಳಬೇಕೆಂದು ನನ್ನಿಂದ ತೆಲುಗಿನಲ್ಲಿ ಬರೆಸಿಕೊಳ್ಳುತ್ತಿದ್ದರು. ಮೊದಮೊದಲು ಹೆಮ್ಮೆ ಅನಿಸುತ್ತಿತ್ತು. ಆಮೇಲೆ ಬೇಸರ. ಆಮೇಲೆ ನಿಜವಾಗಿ ಸಿಟ್ಟು. ಒಂದು ದಿನ ಜ್ವರ ಬಂದು ಕಣ್ಣು ಕೆಂಪಗಿದ್ದರೂ ಹೊರಟುನಿಂತರು. ನನ್ನ ಹೆಂಡತಿ ತಡೆದರೆ "ಇವತ್ತ ಬಿಟ್ಟರ ಅವ ಗೆದ್ದಂಗ" ಎಂದು ಹೋಗಿಯೇಬಿಟ್ಟರು. ಅವನು ಗೆದ್ದರೇನು, ಇವರು ಗೆದ್ದರೇನು, ಈ ದೇಶದಲ್ಲಿ ಯಾವ ಬಾಗಿಲು ಹಾಗೇ ತೆರೆದಿದೆ ಎಂದು ನಾನು ಗೊಣಗಿದೆ. ಆ ಮಧ್ಯಾಹ್ನವೇ ಜೆರಾಕ್ಸ್ ಅಂಗಡಿಗೆ ಹೋಗಿ, ದಲಾಲಿ ಕೇಳಿದಷ್ಟನ್ನು ಒಂದು ಮಾತೂ ಆಡದೆ ಕೊಟ್ಟೆ. ಉಪಕಾರ ಮಾಡಿದೆನೆಂದೇ ಅಂದುಕೊಂಡಿದ್ದೆ.

ಮೂರನೆಯ ದಿನ ಸರ್ಟಿಫಿಕೇಟು ಬಂತು. ವೈನಿ ವಠಾರಕ್ಕೆಲ್ಲ ಸಕ್ಕರೆ ಹಂಚಿದರು. ನನ್ನ ಬಾಯಿಗೂ ಒಂದು ಚಿಟಿಕೆ ಹಾಕಿ, "ನೋಡು ತಮ್ಮಾ, ಕುಂತರ ಕೊಡತಾರ. ನಾವ ಕುಂದ್ರಂಗಿಲ್ಲ, ಅದಕ್ಕ ಅವರು ಕೊಡಂಗಿಲ್ಲ" ಎಂದರು. ನಾನು ತಲೆಯಾಡಿಸಿದೆ. ಆ ಸಕ್ಕರೆಯನ್ನು ನುಂಗಿದೆ ಕೂಡ.

ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಆದರೆ ಆ ಬೆಂಚಿನ ಮೇಲೆ ವೈನಿಯ ಪಕ್ಕದಲ್ಲಿ ಇನ್ನೊಬ್ಬಳು ಕೂತಿರುತ್ತಿದ್ದಳು. ಯಾದಗಿರಿ ಕಡೆಯ ಹೆಣ್ಣುಮಗಳು, ಕಟ್ಟಡದ ಕೂಲಿ. ಮಣಿಕೊಂಡದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದರಿಂದ ಬಿದ್ದು ಗಂಡ ಸತ್ತಿದ್ದ. ಪರಿಹಾರಕ್ಕೆ ಅವಳಿಗೂ ಅದೇ ಕಾಗದ ಬೇಕಿತ್ತು. ವೈನಿಗೆ ಸಿಕ್ಕದ್ದನ್ನು ಕಣ್ಣಾರೆ ಕಂಡು, ನನಗೂ ಸಿಗುತ್ತದೆ ಎಂದು ಅವಳು ಕೂಲಿ ಬಿಟ್ಟು ಕೂತಳು. ಒಂದು ವಾರ, ಎರಡು ವಾರ, ಮೂರು ವಾರ. ವೈನಿ ಆಗಾಗ ಹೋಗಿ ಅವಳಿಗೆ ರೊಟ್ಟಿ ಕೊಟ್ಟು, "ಏಳಬ್ಯಾಡ, ಕುಂದ್ರು" ಎಂದು ಧೈರ್ಯ ಹೇಳಿ ಬರುತ್ತಿದ್ದರು.

ಒಂದು ಭಾನುವಾರ ಅವಳು ವಠಾರಕ್ಕೆ ಬಂದಳು. ನಾನು ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದೆ. ಅವಳು ಹೊಸ್ತಿಲಲ್ಲೇ ನಿಂತು ಕೇಳಿದಳು:

"ಯಕ್ಕಾ, ನೀ ನನಗ ಯಾಕ ಸುಳ್ಳ ಹೇಳಿದಿ?"

"ಏನ್ ಸುಳ್ಳವಾ?"

"ಕುಂತರ ಕೊಡತಾರ ಅಂದಿ. ಆ ಜೆರಾಕ್ಸ್ ಅಂಗಡ್ಯಾಂವ ಹೇಳಿದ, ಹಿಂಡಿ ಅಮ್ಮಂದೂ ರೊಕ್ಕ ಕೊಟ್ಟ ಮ್ಯಾಲೇ ಆಗೇತಂತ. ಯಾರೋ ಚಷ್ಮಾದ ಸಾಹೇಬ್ರು ಕೇಳಿದಷ್ಟು ಕೊಟ್ಟು ಹೋದ್ರಂತ. ಈಗ ನನಗೂ ಅಷ್ಟ ಕೇಳಾಕತ್ತಾನ, ಮೊದಲಿನಕಿಂತ ಡಬಲ್. ಕೂಲಿನೂ ಹೋತು, ಖೋಲಿ ಬಾಡಿಗಿನೂ ನಿಂತೈತಿ. ನಾ ಈಗ ಎಲ್ಲಿ ಹೋಗಲಿ?"

ವೈನಿ ನನ್ನ ಕಡೆ ತಿರುಗಿದರು. ಆ ವಠಾರದಲ್ಲಿ ಕನ್ನಡಕ ಹಾಕುವವನು ನಾನೊಬ್ಬನೇ.

"ನೀ ಕೊಟ್ಟಿಯೇನು ತಮ್ಮಾ?"

"ನಿಮ್ಮ ಸಲುವಾಗಿ ಕೊಟ್ಟೆ ವೈನಿ. ಜ್ವರ ಬಂದಿತ್ತು ನಿಮಗ..."

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸಾಹೇಬ್ರ" ಎಂದರು. ಐದು ವರ್ಷದ ನೆರೆತನದಲ್ಲಿ ಮೊದಲ ಬಾರಿ ಅವರ ಬಾಯಲ್ಲಿ ನಾನು ಸಾಹೇಬನಾದೆ. "ನೀವು ಆ ಗುಮಾಸ್ತಗ ಕೊಡಲಿಲ್ಲರಿ ಸಾಹೇಬ್ರ, ಈಕಿ ಕುತ್ತಿಗಿ ಅವನ ಕೈಯಾಗ ಕೊಟ್ರಿ. ನನ್ನ ಬಾಯಿಲೆ ಈಕಿಗೆ ಸುಳ್ಳ ಹೇಳಿಸಿದ್ರಿ." ಒಳಗೆ ಹೋಗಿ ಸರ್ಟಿಫಿಕೇಟು ತಂದು ನನ್ನ ಕೈಗಿಟ್ಟರು. "ಇದನ್ನ ಹೊಳ್ಳಿ ಕೊಡೋದೈತಿ. ಅರ್ಜಿ ಬರೀರಿ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಲ್ಲಾ ಬರೀರಿ."

ಕೊಟ್ಟವನೂ ಅಪರಾಧಿಯೇ, ನನ್ನ ನೌಕರಿ ಹೋದೀತು ಎಂದೆ. ಕಾಗದ ವಾಪಸು ಕೊಟ್ಟರೆ ನಿಮ್ಮ ಪಿಂಚಣಿ ನಿಲ್ಲುತ್ತದೆ, ಇದರಿಂದ ಯಾರಿಗೆ ಏನು ಬಂತು ಎಂದು ಕೂಗಾಡಿದೆ. ಅವರು ಕೂತು ಕೇಳಿದರು. ಕೊನೆಗೆ, "ನಿಮಗ ಹೆದರಿಕಿ ಇದ್ರ ನಾನೇ ಕೊಟ್ಟೀನಿ ಅಂತ ಬರೀರಿ, ಹೆಬ್ಬೆಟ್ಟು ಒತ್ತತೀನಿ" ಎಂದರು. ಸಹಿ ಮಾಡಲು ಬರುತ್ತಿದ್ದ ಹೆಂಗಸು ಹೆಬ್ಬೆಟ್ಟಿನ ಮಾತಾಡಿದಾಗ ನನಗೆ ಇನ್ನು ದಾರಿ ಉಳಿಯಲಿಲ್ಲ. ನನ್ನ ಹೆಸರಿನಲ್ಲೇ ಬರೆದೆ.

ಸೋಮವಾರ ಮೇಲಧಿಕಾರಿಗಳು ಜನರ ಅಹವಾಲು ಕೇಳುವ ದಿನ. ನಾವು ಮೂವರೂ ಹೋದೆವು. ಅಧಿಕಾರಿಣಿ ಕಾಗದ ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಇದು ನೀವೇ ಬರೆದದ್ದಾ ಎಂದು ಕೇಳಿದರು. ಹೌದು ಎಂದೆ. ಕೊಟ್ಟದ್ದೂ ನೀವೇನಾ? ಹೌದು. ಹಿಂದೆ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಪಕ್ಕದಲ್ಲಿ ವೈನಿ ಮೆಲ್ಲಗೆ, "ಗಟ್ಟಿಯಾಗಿ ಹೇಳು ತಮ್ಮಾ, ಹಿಂದಿನವರಿಗೆ ಕೇಳವಲ್ದು" ಎಂದರು.

ಆಮೇಲೆ ಏನಾಯಿತು ಎಂದು ಕೇಳುವವರಿಗೆ ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಯಾದಗಿರಿಯ ಹೆಣ್ಣುಮಗಳ ಕಾಗದ ಒಂಬತ್ತನೆಯ ದಿನಕ್ಕೆ ಬಂತು, ಅದು ನಿಜ. ನನ್ನನ್ನು ಮೂರು ಸಲ ವಿಚಾರಣೆಗೆ ಕರೆದರು, ಮೂರು ಸಲವೂ ಅದೇ ಪ್ರಶ್ನೆ. ಅಂಥ ಸಾಹೇಬರು ಯಾರೂ ನನಗೆ ಗೊತ್ತಿಲ್ಲ ಎಂದ ದಲಾಲಿ. ಗುಮಾಸ್ತನನ್ನು ಅದೇ ಕಟ್ಟಡದ ಮೇಲಿನ ಮಹಡಿಗೆ ಕಳಿಸಿದರು, ಅಲ್ಲಿ ಫ್ಯಾನ್ ಚೆನ್ನಾಗಿ ತಿರುಗುತ್ತದಂತೆ. ವೈನಿಯ ಕಡತಕ್ಕೆ 'ವಿಚಾರಣೆಯಲ್ಲಿದೆ' ಎಂಬ ಚೀಟಿ ಅಂಟಿ ಪಿಂಚಣಿ ಎಂಟು ತಿಂಗಳು ತಡವಾಯಿತು. ಆ ಎಂಟು ತಿಂಗಳು ಅವರು ಹಿಂಡಿ ಕುಟ್ಟಿದರು, ನಾನು ಗೊಣಗಿದೆ.

ಒಬ್ಬರೇ ಕೂರುವುದರಲ್ಲಿ ಒಂದು ತಪ್ಪಿದೆ ಎಂದು ಮಾತ್ರ ಅವರಿಗೆ ಅಷ್ಟರಲ್ಲಿ ಹೊಳೆದಿತ್ತು. "ಒಬ್ಬಾಕಿ ಹೋದರ ಅವರಿಗೆ ಗಿರಾಕಿ. ನಾಕು ಮಂದಿ ಕೂಡಿ ಹೋದರ ಹೆದರತಾರ" ಎನ್ನುತ್ತಿದ್ದರು. ಹಿಂಡಿ ಕೊಡಲು ಹೋದ ಮನೆಗಳಲ್ಲೆಲ್ಲ ವಿಚಾರಿಸಿ, ಯಾರ ಯಾವ ಕಾಗದ ಎಲ್ಲಿ ಸಿಕ್ಕಿಬಿದ್ದಿದೆ ಎಂದು ತಿಳಿದುಕೊಂಡು, ಒಂದೇ ಕೆಲಸದವರನ್ನು ಜೊತೆಗೂಡಿಸಿ ಸೋಮವಾರ ಕರೆದೊಯ್ಯುತ್ತಿದ್ದರು. ಅರ್ಜಿ ಬರೆಯುವವನು ನಾನು. ಪ್ರತಿ ಅರ್ಜಿಗೂ ಮೊಹರು ಒತ್ತಿದ ಪ್ರತಿ ಕೈಗೆ ಬರುವವರೆಗೆ ಯಾರೂ ಕದಲುವಂತಿರಲಿಲ್ಲ. ಕೆಲವು ಕೆಲಸ ಆದವು. ಎಷ್ಟೋ ಆಗಲಿಲ್ಲ. ಇದೆಲ್ಲ ಸಮುದ್ರಕ್ಕೆ ಉಪ್ಪು ಹೊತ್ತಂತೆ ಎಂದು ನಾನು ರೇಗಿದರೆ, "ಅರ್ಜಿ ಮುಗಿಸು ಮೊದಲು" ಎನ್ನುತ್ತಿದ್ದರು.

ಹೋದ ವರ್ಷ ಅವರಿಗೆ ಕಾಮಾಲೆಯಾಯಿತು. ಆಸ್ಪತ್ರೆ ಸೇರಿದ ಆರನೆಯ ದಿನ ತೀರಿಕೊಂಡರು. ಮದುವೆಯಾಗಿ ದೂರವಿದ್ದ ಮಗಳು ಬಂದು ದೇಹವನ್ನು ಬೀದರಿಗೆ ಒಯ್ದಳು. ವಾಹನ ಹೊರಟಾಗ ವಠಾರದವರೆಲ್ಲ ರಸ್ತೆಯಲ್ಲಿ ನಿಂತಿದ್ದೆವು. ನಾನು ಅವರ ಮುಂದೆ ಎಂದೂ ಕ್ಷಮೆ ಕೇಳಿರಲಿಲ್ಲ, ಅವರು ಕೇಳಿಸಿಕೊಳ್ಳುವವರೂ ಆಗಿರಲಿಲ್ಲ. ಆ ಭಾನುವಾರದಿಂದ ಮಾತ್ರ ನಾನು ಯಾರಿಗೂ ಲಂಚ ಕೊಟ್ಟಿಲ್ಲ. ಒಳ್ಳೆಯವನಾದೆನೆಂದಲ್ಲ. ಕೈ ಜೇಬಿನ ಕಡೆ ಹೋದಾಗಲೆಲ್ಲ ಹೊಸ್ತಿಲಲ್ಲಿ ನಿಂತು "ನಾ ಈಗ ಎಲ್ಲಿ ಹೋಗಲಿ" ಎಂದವಳ ಮುಖ ಕಾಣುತ್ತದೆ.

ಅವರು ಹೋದ ನಂತರದ ಸೋಮವಾರಕ್ಕೆ ನಾಲ್ಕು ಜನರನ್ನು ಅವರೇ ಮೊದಲೇ ಗೊತ್ತುಮಾಡಿದ್ದರು. ಹೋಗುವುದೋ ಬೇಡವೋ ಎಂದು ನಾನು ತಿಣುಕಾಡುತ್ತಿದ್ದೆ. ಬೆಳಿಗ್ಗೆ ಬಾಗಿಲು ತೆರೆದರೆ ನಾಲ್ವರೂ ಅಂಗಳದಲ್ಲಿ, ಅವರ ಜೊತೆಗೆ ಆ ಯಾದಗಿರಿಯ ಹೆಣ್ಣುಮಗಳು. ಅವಳಿಗೆ ಆ ಕಚೇರಿಯಲ್ಲಿ ಯಾವ ಕೆಲಸವೂ ಉಳಿದಿರಲಿಲ್ಲ.

ಅಧಿಕಾರಿಣಿ ತಲೆಯೆತ್ತಿ ನಮ್ಮನ್ನು ನೋಡಿದರು. ಆ ಅಮ್ಮ ಎಲ್ಲಿ, ಇವತ್ತು ಬರಲಿಲ್ಲವೇ ಎಂದು ಕೇಳಿದರು. ನಾನು ಕೈಯಲ್ಲಿದ್ದ ಅರ್ಜಿಗಳ ಅಂಚು ಸರಿಮಾಡತೊಡಗಿದೆ.

ಯಾದಗಿರಿಯವಳು ನಾಲ್ಕೂ ಅರ್ಜಿಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಇಟ್ಟಳು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಅವಳು ಹೇಳಿದ್ದು ಇಷ್ಟು:

"ಅವರು ಇನ್ನ ಬರಂಗಿಲ್ಲರಿ ಅಮ್ಮಾರ. ನಾವು ಬಂದೀವಿ."