ಬೇವಿನ ಕೆಳಗಿನ ಜೋಗುಳ

ಕಿಣತ್ತುಕಡವು ಊರಿನ ತನ್ನ ಹೊಲದ ಬೇವಿನ ಕೊಂಬೆಗೆ ಬೆಳ್ಳಿಯಮ್ಮ ತನ್ನ ಮಕ್ಕಳಿಗೆಲ್ಲ ಹಳೆಸೀರೆಯ ತೊಟ್ಟಿಲು ಕಟ್ಟಿದ್ದಳು. ಕಳೆ ಕೀಳುತ್ತಲೇ ಹಾಡುತ್ತಿದ್ದಳು. ಮಕ್ಕಳು ಗಾಳಿಯಲ್ಲಿ ತೇಲುತ್ತ ನಿದ್ದೆಹೋಗುತ್ತಿದ್ದರು. ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ ಎಳೆಯ ಮೊಮ್ಮಗಳೂ ಅಲ್ಲೇ ಮಲಗುತ್ತಿದ್ದಳು.

ಒಂದು ದಿನ ನೀರಿನ ಪೈಪಿಗಾಗಿ ಆ ಮರದ ಬುಡದಲ್ಲಿ ಅಗೆಯುತ್ತಿದ್ದ ಮಗ ಲಿಂಗಪ್ಪನ್‌ನ ಗುದ್ದಲಿಗೆ ಕಬ್ಬಿಣ ತಾಗಿತು. ಮಣ್ಣು ಸರಿಸಿ ನೋಡಿದವನು ಗುದ್ದಲಿಯನ್ನು ಮೆಲ್ಲನೆ ಕೆಳಗಿಟ್ಟ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನದವರು ಈ ಸೀಮೆಯಲ್ಲಿ ಅಭ್ಯಾಸಕ್ಕೆಂದು ಎಸೆದ ಬಾಂಬುಗಳಲ್ಲಿ ಕೆಲವು ಸಿಡಿಯದೆ ಉಳಿದಿವೆ ಎಂದು ಅವನು ಕೇಳಿದ್ದ.

"ಅಮ್ಮಾ, ಬಾಂಬು! ಕೂಸ್ನ ಮೆಲ್ಲ ಎತ್ಕೊಂಡು ಬಾ. ಓಡ್ಬೇಡ," ಎಂದ, ತೊಟ್ಟಿಲ ಬಳಿಯಿದ್ದ ತಾಯಿಗೆ.

ಬೆಳ್ಳಿಯಮ್ಮ ಮಲಗಿದ್ದ ಮಗುವನ್ನು ಎದೆಗವಚಿ, ಜೋಗುಳ ಹಾಡುತ್ತ, ಕಡಲೆಕಾಯಿ ಗಿಡಗಳ ನಡುವೆ ಕನಸಿನಲ್ಲಿ ನಡೆಯುವವಳಂತೆ ನಡೆದಳು. ರಸ್ತೆ ಮುಟ್ಟುವಷ್ಟರಲ್ಲಿ ಮಗು ಕಣ್ಣುಬಿಟ್ಟು ನಗುತ್ತಿತ್ತು. ಆದರೂ ಹಾಡು ನಿಲ್ಲಲಿಲ್ಲ.

ಹಿಂದೆಯೇ ಬಂದ ಲಿಂಗಪ್ಪನ್ ಪೊಲೀಸರಿಗೆ ತಿಳಿಸಲು ದಾರಿಹೋಕನೊಬ್ಬನನ್ನು ಕಳಿಸಿ, ಬೆವರು ಒರೆಸಿಕೊಂಡ. "ಪಾಪು ಎದ್ದಾಯ್ತಲ್ಲಮ್ಮ, ಇನ್ಯಾರಿಗೆ ಪಾಡ್ತೀಯ?"

ಅವಳು ದೂರದ ಬೇವಿನತ್ತ ನೋಡಿದಳು. "ಸುಮ್ಕಿರು ಸಾಮಿ. ಇಷ್ಟು ವರ್ಷ ಅದೂ ನನ್ ಜೋಗುಳ್ದ ಪಾಟ್ ಕೇಳ್ಕೊಂಡೇ ಮಲ್ಗೈತೆ. ಪೊಲೀಸ್ ಬರೋಗಂಟ ನಾನ್ ನಿಲ್ಸೋದಿಲ್ಲ."